ತೋಫುವಿನ ಭಾನುವಾರಗಳು

ಚೈನೀಸ್ ಆಂಟಿ ಕೆನಡಾದಲ್ಲಿ ಮಗನ ಮನೆಯಲ್ಲಿ ತೀರಿಕೊಂಡ ಸುದ್ದಿ ಬಂದ ಮೇಲೆ ನೈರೋಬಿಯ ನಮ್ಮ ಪ್ಯಾರಿಷ್ ಹಾಲಿನಲ್ಲಿ ಒಂದು ಸ್ಮರಣಸಭೆ ನಡೆಯಿತು. ಒಬ್ಬರಾದ ಮೇಲೊಬ್ಬರು ಎದ್ದು ಮಾತಾಡಿದರು. ಮೃದುಭಾಷಿ ಎಂದರು. ವಿನಯವೇ ಮೈವೆತ್ತ ಹೆಂಗಸು ಎಂದರು. ‘ಅವರು ಯಾರ ಮನಸ್ಸನ್ನೂ ನೋಯಿಸಿದವರಲ್ಲ’ ಎಂದು ಹಾಲ್ ಕಮಿಟಿಯ ಅಧ್ಯಕ್ಷರು ಗದ್ಗದ ಕಂಠದಲ್ಲಿ ಹೇಳಿದಾಗ, ತಪ್ಪಿ ಬೇರೆ ಯಾರದೋ ಸಭೆಗೆ ಬಂದು ಕೂತಿದ್ದೇನೋ ಎಂದು ನಾನು ಅಕ್ಕಪಕ್ಕ ನೋಡಿದೆ. ಇದೇ ಅಧ್ಯಕ್ಷರು ಒಂದು ಕ್ರಿಸ್‌ಮಸ್ಸಿಗೆ ಹಾಡಿದ್ದನ್ನು ಕೇಳಿ, ‘ದೇವರು ತುಂಬ ತಾಳ್ಮೆಯವನು ಅಂತ ಓದಿದ್ದೆ, ಇವತ್ತು ಕಣ್ಣಾರೆ ಕಂಡೆ’ ಎಂದಿದ್ದವರು ಆಂಟಿ. ಅದೂ ಅವರಿಗೆ ಕೇಳಿಸುವ ಹಾಗೆ.

ಸತ್ತವರನ್ನು ಒಳ್ಳೆಯವರನ್ನಾಗಿ ಮಾಡುವ ಕೆಲಸದಲ್ಲಿ ನಾವು ಕ್ರೈಸ್ತರು ಯಾರಿಗೂ ಕಡಿಮೆಯಿಲ್ಲ. ಆದರೆ ಅಷ್ಟು ಸಕ್ಕರೆ ಹಾಕಿದ ಆಂಟಿಯನ್ನು ನಾನು ಗುರುತಿಸಲಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

‘ಚೈನೀಸ್ ಆಂಟಿ’ ಎಂಬುದು ಹೈರಿಡ್ಜ್ ಬಡಾವಣೆಯ ನಮ್ಮ ಫ್ಲ್ಯಾಟುಗಳ ಮಕ್ಕಳು ಇಟ್ಟ ಹೆಸರು. ‘ಅದು ಹೆಸರಲ್ಲ, ವಿಳಾಸ’ ಎನ್ನುತ್ತಿದ್ದರು ಅವರು. ನಿಜವಾದ ಹೆಸರನ್ನು ನನಗೊಮ್ಮೆ ಹೇಳಿಕೊಟ್ಟರು. ನಾನು ತಿರುಗಿ ಹೇಳಿದೆ. ಅವರು ಕಣ್ಣೊರೆಸಿಕೊಂಡು ನಕ್ಕರು. ‘ನಿನ್ನ ಬಾಯಲ್ಲಿ ಅದು ಯಾವುದೋ ತರಕಾರಿಯಾಯಿತು, ಮ್ವಾಲಿಮು. ಆಂಟಿ ಅಂತಲೇ ಕರಿ.’ ಮ್ವಾಲಿಮು ಅಂದರೆ ಸ್ವಾಹಿಲಿಯಲ್ಲಿ ಮೇಷ್ಟ್ರು. ನಾನು ಅಲ್ಲಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ನಮ್ಮ ಮಾತೆಲ್ಲ ನಡೆಯುತ್ತಿದ್ದುದು ಇಂಗ್ಲಿಷಿಗೆ ಸ್ವಾಹಿಲಿ ಬೆರೆಸಿದ ಒಂದು ಭಾಷೆಯಲ್ಲಿ. ಅವರ ನಾಲಿಗೆಯ ಖಾರ ಕನ್ನಡಕ್ಕೆ ಬರುವಾಗ ಕೊಂಚ ಕಡಿಮೆಯಾಗಿದ್ದರೆ ತಪ್ಪು ನನ್ನದು.

ವೆಸ್ಟ್‌ಲ್ಯಾಂಡ್ಸಿನಲ್ಲಿ ಅವರದೊಂದು ರೆಸ್ಟೋರೆಂಟ್ ಇತ್ತು. ಹಾಂಗ್‌ಕಾಂಗಿನಿಂದ ಬಂದ ಗಂಡ ಅದನ್ನು ಶುರುಮಾಡಿ, ಒಂದು ಹದಕ್ಕೆ ತಂದು, ಇವರ ಕೈಗೆ ಬಿಟ್ಟು ತೀರಿಕೊಂಡಿದ್ದರು. ಸ್ಪ್ರಿಂಗ್ ವ್ಯಾಲಿಯ ದೊಡ್ಡ ಮನುಷ್ಯರು ಡ್ರೈವರನ್ನು ಹೊರಗೆ ಬಿಸಿಲಲ್ಲಿ ಕೂರಿಸಿ, ಒಳಗೆ ಬಾತುಕೋಳಿ ತಿನ್ನುತ್ತಾ ಆಫ್ರಿಕಾದ ಬಡತನದ ಬಗ್ಗೆ ನೊಂದುಕೊಳ್ಳುತ್ತಿದ್ದ ಜಾಗ ಅದು. ಆಂಟಿ ಡ್ರೈವರಿಗೂ ಒಂದು ತಟ್ಟೆ ಕಳಿಸುತ್ತಿದ್ದರು, ಅದನ್ನು ಸಾಹೇಬರ ಬಿಲ್ಲಿನಲ್ಲಿ ‘ವಿಶೇಷ ಸಾಸ್’ ಎಂದು ಸೇರಿಸುತ್ತಿದ್ದರು. ‘ಇದು ಕಳ್ಳತನ ಅಲ್ಲವಾ ಆಂಟಿ’ ಎಂದು ನನ್ನ ಹೆಂಡತಿ ಲಿಲ್ಲಿ ಕೇಳಿದ್ದಳು. ‘ಅಲ್ಲ, ಅವರಿಗೆ ಗೊತ್ತಿಲ್ಲದೆ ಅವರ ಕೈಯಲ್ಲಿ ದಾನ ಮಾಡಿಸುವುದು. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂತ ಬರೆದಿದೆಯಲ್ಲ’ ಎಂದರು ಆಂಟಿ. ಬೈಬಲ್ಲಿನ ವಾಕ್ಯಗಳನ್ನು ಹೀಗೆ ತಮ್ಮ ಅಡುಗೆಮನೆಗೆ ಬೇಕಾದ ಹಾಗೆ ಹೆಚ್ಚಿಕೊಳ್ಳುವುದರಲ್ಲಿ ಅವರು ಪಳಗಿದ ಕೈ.

ಅವರ ಪ್ರಾರ್ಥನೆಯೂ ಅಡುಗೆಮನೆಗೆ ಆರ್ಡರ್ ಕೂಗಿದ ಹಾಗಿರುತ್ತಿತ್ತು. ಲಿಲ್ಲಿಗೆ ಆಪರೇಶನ್ ಆದಾಗ ಆಸ್ಪತ್ರೆಗೆ ಬಂದು, ಕಣ್ಣು ಮುಚ್ಚಿ, ಆಸ್ಪತ್ರೆಯ ಹೆಸರು, ಮಹಡಿ, ಯಾವ ಕಡೆಯ ಮಂಚ ಎಲ್ಲವನ್ನೂ ಸ್ಪಷ್ಟವಾಗಿ ದೇವರಿಗೆ ತಿಳಿಸಿದರು. ಕಿಟಕಿಯ ಪಕ್ಕದ್ದು, ಬಾಗಿಲ ಪಕ್ಕದ್ದಲ್ಲ ಎಂದು ಒತ್ತಿ ಹೇಳಿದರು. ದೇವರಿಗೆ ಅಷ್ಟೂ ಗೊತ್ತಿರುವುದಿಲ್ಲವೇ ಎಂದು ನಾನು ಆಮೇಲೆ ಕೇಳಿದೆ. ‘ಗೊತ್ತಿರುತ್ತದೆ. ಆದರೆ ಎಷ್ಟೊಂದು ಜನ ಗೊಣಗುತ್ತಾ ಪ್ರಾರ್ಥಿಸುತ್ತಾರೆ. ಅವನಿಗೆ ನಮ್ಮಿಂದಾದರೂ ಸ್ವಲ್ಪ ಸಹಾಯ ಆಗಲಿ.’

ನಮಗೂ ಅವರಿಗೂ ಹೆಚ್ಚಿನ ಬಳಕೆಯಾದದ್ದು ಎಂಬತ್ತರ ದಶಕದ ಕೊನೆಯಲ್ಲಿ, ಪ್ಯಾರಿಷ್ ಹಾಲಿನ ಕಾರಣದಿಂದ. ನೈರೋಬಿಯಲ್ಲಿದ್ದ ಚೀನೀ ಕ್ರೈಸ್ತರು ಭಾನುವಾರ ಮಧ್ಯಾಹ್ನ ಒಟ್ಟು ಸೇರಲು ಜಾಗ ಹುಡುಕುತ್ತಿದ್ದರು. ಹಾಂಗ್‌ಕಾಂಗಿನ ವ್ಯಾಪಾರಿಗಳು, ತೈವಾನಿನ ಒಂದೆರಡು ಕುಟುಂಬಗಳು, ಮಲೇಶಿಯಾದಿಂದ ಬಂದ ಒಬ್ಬ ದಂತವೈದ್ಯ, ಇಂಥವರು. ಆಂಟಿ ಹಾಲನ್ನು ಕೇಳಲು ನಮ್ಮ ಕಮಿಟಿಯ ಮುಂದೆ ಬಂದರು. ಕಮಿಟಿಯಲ್ಲಿ ನಾವೆಲ್ಲ ಹೆಚ್ಚುಕಡಿಮೆ ಮಂಗಳೂರು ಕಡೆಯ ಕಥೋಲಿಕರೇ. ಊರಿನಲ್ಲಿ ಯಾರ ಮನೆತನ ಯಾರದಕ್ಕಿಂತ ಮೇಲಿನದು ಎಂಬ ಲೆಕ್ಕವನ್ನು ಸಮುದ್ರ ದಾಟಿಸಿ ತಂದು, ಒಂದು ಗೆರೆಯೂ ಅಳಿಯದಂತೆ ಕಾಪಾಡಿಕೊಂಡಿದ್ದವರು. ಇನ್ನು ಚೀನೀಯರನ್ನು ಎಲ್ಲಿ ಕೂರಿಸುವುದು?

‘ನೀವು ಕಥೋಲಿಕರಾ, ಪ್ರೊಟೆಸ್ಟೆಂಟರಾ?’ ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು ಕೇಳಿದರು. ಅವರು ಇನ್ಶೂರೆನ್ಸ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದರು. ವಾಸ ಹೈರಿಡ್ಜಿನಲ್ಲಾದರೂ ಮನಸ್ಸು ಬಹಳ ಹಿಂದೆಯೇ ಸಿರಿವಂತರ ಮುಥೈಗಾಕ್ಕೆ ಮನೆ ಬದಲಾಯಿಸಿತ್ತು.

‘ಪ್ರೊಟೆಸ್ಟೆಂಟ್. ಆದರೆ ನಮ್ಮ ಊರಿಗೆ ತೋಳಿಗೆ ಕೆಂಪು ಪಟ್ಟಿ ಕಟ್ಟಿದ ಕಮ್ಯುನಿಸ್ಟ್ ಹುಡುಗರು ಬಂದಾಗ ಅವರು ಇದನ್ನು ಕೇಳಲಿಲ್ಲ. ನಮ್ಮ ಹಾರ್ಮೋನಿಯಂ, ನಿಮ್ಮವರ ಮರಿಯಮ್ಮ, ಎರಡನ್ನೂ ಒಂದೇ ಗಾಡಿಯಲ್ಲಿ ಹಾಕಿಕೊಂಡು ಹೋದರು. ಈ ವಿಷಯದಲ್ಲಿ ಅವರು ನಿಮಗಿಂತ ವಿಶಾಲ ಮನಸ್ಸಿನವರು.’

ಅಧ್ಯಕ್ಷರು ನನ್ನ ಕಡೆ ಬಾಗಿ, ‘ಹಾಲ್ ಕೊಡುವ, ಆದರೆ ಅಡಿಗೆ-ಗಿಡಿಗೆಗೆಲ್ಲ ಕೊಡ್ಲಿಕ್ಕಾಗುದಿಲ್ಲ ಮಾರಾಯ್ರೆ, ಗೋಡೆಯೆಲ್ಲ ಹಾಳು’ ಎಂದು ಕನ್ನಡದಲ್ಲಿ ಪಿಸುಗುಟ್ಟಿದರು. ನಾನು ಇಂಗ್ಲಿಷಿನಲ್ಲಿ ಅದನ್ನೇ ವಿನಯದಿಂದ ಹೇಳಿದೆ.

‘ಊಟವಿಲ್ಲದ ಸಭೆಗೆ ಚೀನೀಯರು ಬರುವುದಿಲ್ಲ’ ಎಂದರು ಆಂಟಿ. ‘ಬೆಟ್ಟದ ಮೇಲೆ ಪ್ರಸಂಗ ಕೇಳಿದ ಜನಕ್ಕೂ ಕೊನೆಗೆ ರೊಟ್ಟಿ ಮೀನು ಕೊಡಬೇಕಾಯಿತು. ಆ ದಿನ ಅಲ್ಲಿ ಹಾಲ್ ಕಮಿಟಿ ಇರಲಿಲ್ಲ, ಅವರ ಪುಣ್ಯ.’

ಅಡುಗೆಯಿಲ್ಲ ಎಂಬ ಕರಾರಿನ ಮೇಲೆ ಹಾಲನ್ನು ಕೊಟ್ಟೆವು. ಮೊದಲ ಭಾನುವಾರವೇ ಅವರು ಸ್ಟವ್ ತಂದರು. ವಿಚಾರಿಸಲು ಹೋದ ಅಧ್ಯಕ್ಷರ ಕೈಗೆ ಒಂದು ತಟ್ಟೆ ಕೊಟ್ಟರು. ಹಬೆಯಲ್ಲಿ ಬೆಂದ ಪುಟ್ಟ ಪುಟ್ಟ ಕಡುಬು, ಒಳಗೆ ಶುಂಠಿ ಹಾಕಿದ ಹಂದಿಮಾಂಸ. ಮಂಗಳೂರಿನ ಕಥೋಲಿಕನ ಮುಂದೆ ಹಂದಿಮಾಂಸ ಇಟ್ಟು ನಿಯಮದ ಮಾತಾಡುವುದು ಯಾರಿಂದಲೂ ಆಗದು. ಅಧ್ಯಕ್ಷರು ಎರಡನೆಯ ತಟ್ಟೆಯನ್ನೂ ಪರಿಶೀಲಿಸಿದರು. ಗೋಡೆಗಳು ಗಟ್ಟಿಯಾಗಿವೆ ಎಂದು ಕಮಿಟಿಗೆ ವರದಿ ಕೊಟ್ಟರು. ಆ ಹಾಲಿನಲ್ಲಿ ನಾನು ಕಂಡ ಮತಾಂತರ ಅದೊಂದೇ.

ಆಮೇಲೆ ನಾನೂ ಲಿಲ್ಲಿಯೂ ಆಗಾಗ ಅವರ ಸಭೆಯ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆವು. ಭಕ್ತಿಯಿಂದಲೋ ಕಡುಬಿಗಾಗಿಯೋ ಎಂದು ಆಂಟಿ ಕೇಳುತ್ತಿರಲಿಲ್ಲ. ಅವರ ಹಾಡಿನ ಪುಸ್ತಕ ಮೊದಲ ಸಲ ನೋಡಿದಾಗ ಪುಟದ ತುಂಬ ಸಾಲುಸಾಲಾಗಿ ಅಂಕಿಗಳಿದ್ದವು, ಕೆಳಗೆ ಚೀನೀ ಅಕ್ಷರ. ಗಣಿತದ ಮೇಷ್ಟ್ರು ಬಂದಿದ್ದಾನೆಂದು ಯಾವುದೋ ಲೆಕ್ಕದ ಪುಸ್ತಕ ಕೊಟ್ಟಿದ್ದಾರೇನೋ ಅಂದುಕೊಂಡೆ. ಅವು ಸ್ವರಗಳು. ಒಂದು ಅಂದರೆ ಸ, ಎರಡು ಅಂದರೆ ರಿ, ಹಾಗೆ. ಹಾಡಲು ಶುರುಮಾಡಿದರೆ ನಾವು ಮಂಗಳೂರಿನಲ್ಲಿ ಕೊಂಕಣಿಯಲ್ಲಿ ಹಾಡುತ್ತಿದ್ದ ರಾಗವೇ. ಯಾವ ಮಿಷನರಿ ಯಾವ ಹಡಗಿನಲ್ಲಿ ಎಲ್ಲೆಲ್ಲಿ ಇಳಿಸಿಹೋಗಿದ್ದನೋ, ಲಿಲ್ಲಿ ಕೊಂಕಣಿಯಲ್ಲಿ, ಅವರು ಚೀನಿಯಲ್ಲಿ ಒಟ್ಟಿಗೇ ಹಾಡಿದರು.

ಹಾಡಿನಲ್ಲಿದ್ದ ಆ ಒಗ್ಗಟ್ಟು ಹಾಡು ಮುಗಿಯುವತನಕ ಮಾತ್ರ. ಹಾಂಗ್‌ಕಾಂಗಿನವರ ಮಾತು ತೈವಾನಿನವರಿಗೆ ತಿಳಿಯದು. ತೈವಾನಿನವರು ಮಾತಾಡಿದರೆ ಹಾಂಗ್‌ಕಾಂಗಿನವರು ತಿಳಿದರೂ ತಿಳಿಯದವರ ಹಾಗೆ ಕೂರುತ್ತಿದ್ದರು. ಆದ್ದರಿಂದ ಪ್ರಸಂಗದ ಒಂದೊಂದು ವಾಕ್ಯವೂ ಅನುವಾದವಾಗಬೇಕು. ಅನುವಾದಕಿ ಆಂಟಿ. ಒಮ್ಮೆ ಹಾಂಗ್‌ಕಾಂಗಿನಿಂದ ಬಂದಿದ್ದ ಒಬ್ಬ ಹೆಸರಾಂತ ಬೋಧಕರು ಕೈಯೆತ್ತಿ, ದನಿಯೇರಿಸಿ, ಕಣ್ಣು ತೇವ ಮಾಡಿಕೊಂಡು ಬಹಳ ಹೊತ್ತು ಮಾತಾಡಿ ನಿಲ್ಲಿಸಿದರು. ಆಂಟಿ ಚಿಕ್ಕದೊಂದು ವಾಕ್ಯ ಹೇಳಿ ಮುಗಿಸಿದರು. ಬೋಧಕರು ಬೆಚ್ಚಿ ಅವರ ಮುಖ ನೋಡಿದರು. ಮಿಕ್ಕಿದ್ದೆಲ್ಲ ಎಲ್ಲಿ ಹೋಯಿತೆಂದು ನಾನು ಊಟದ ಹೊತ್ತಿನಲ್ಲಿ ಕೇಳಿದೆ.

‘ದೇವರ ಬಗ್ಗೆ ಹೇಳಿದ್ದನ್ನು ಪೂರ್ತಿ ಹೇಳಿದೆ’ ಎಂದರು ಆಂಟಿ. ‘ಮಿಕ್ಕಿದ್ದು ಅವರ ಬಗ್ಗೆ.’

ಈ ಸಭೆಗೆ ಚೀನಾದೇಶದೊಳಗಿನಿಂದ ಬಂದವರು ಯಾರೂ ಇರಲಿಲ್ಲ. ಹಾಗಂತ ಅವರು ನೈರೋಬಿಯಲ್ಲಿ ಇರಲಿಲ್ಲವೆಂದಲ್ಲ. ಊರಾಚೆ ಒಂದು ಕಾಂಪೌಂಡಿನಲ್ಲಿ ರಸ್ತೆ ಮಾಡುವ ಕಂಪನಿಯೊಂದರ ಕೆಲಸಗಾರರಿದ್ದರು. ಹೊರಗೆ ಬಂದರೆ ಒಟ್ಟಿಗೇ ಬರಬೇಕು, ಒಟ್ಟಿಗೇ ಹೋಗಬೇಕು, ಪೇಟೆಯಲ್ಲಿ ಮಾತಿಗೆ ನಿಲ್ಲಬಾರದು. ಆ ಕಾಂಪೌಂಡಿಗೆ ಆಂಟಿಯ ರೆಸ್ಟೋರೆಂಟಿನಿಂದ ತೋಫು ಹೋಗುತ್ತಿತ್ತು. ಸೋಯಾಹಾಲನ್ನು ಒಡೆದು ಕಟ್ಟಿದ ಗಿಣ್ಣಿನಂಥ ಪದಾರ್ಥ, ರುಚಿಯ ವಿಷಯದಲ್ಲಿ ತುಂಬ ನಿರ್ಲಿಪ್ತವಾದದ್ದು. ಅದನ್ನು ಒಯ್ಯಲು ಬರುತ್ತಿದ್ದವನು ಅಲ್ಲಿನ ಲಾರಿ ಮೆಕ್ಯಾನಿಕ್. ನಲವತ್ತರ ಆಸುಪಾಸಿನ, ಅಗಲ ಮುಖದ ಮನುಷ್ಯ. ಆಂಟಿಯ ಗಲ್ಲಾದ ಹಿಂದೆ ಕೆಂಪು ಕಾಗದದಲ್ಲಿ ಕುಂಚದಿಂದ ಬರೆದ ಶುಭಾಶಯದ ನಡುವೆ ಒಂದು ಸಣ್ಣ ಶಿಲುಬೆ ಇತ್ತು. ಗಿರಾಕಿಗಳು ಅದನ್ನು ಅಲಂಕಾರ ಅಂದುಕೊಂಡಿದ್ದರು. ಮೆಕ್ಯಾನಿಕ್ ಮಾತ್ರ ಅದನ್ನೇ ನೋಡುತ್ತಾ ನಿಂತುಬಿಟ್ಟನಂತೆ. ಕೈಯಲ್ಲಿದ್ದ ತೋಫು ಪಾತ್ರೆಯಿಂದ ನೀರು ಅವನ ಬೂಟಿನ ಮೇಲೆ ಸುರಿಯುತ್ತಿದ್ದರೂ ಗೊತ್ತಾಗಲಿಲ್ಲವಂತೆ.

‘ಬೂಟು ನೆನೆಯಿತು’ ಎಂದರಂತೆ ಆಂಟಿ.

‘ನನ್ನಮ್ಮ ನಂಬಿದವಳು’ ಎಂದನಂತೆ ಅವನು.

ಅವತ್ತಿನಿಂದ ತೋಫು ಭಾನುವಾರ ಮಧ್ಯಾಹ್ನ ಮಾತ್ರ, ಅದೂ ರೆಸ್ಟೋರೆಂಟಿನಲ್ಲಲ್ಲ, ನಮ್ಮ ಪ್ಯಾರಿಷ್ ಹಾಲಿನಲ್ಲಿ ಸಿಗುತ್ತದೆ ಎಂದು ಆಂಟಿ ಕಾಂಪೌಂಡಿಗೆ ಹೇಳಿಕಳಿಸಿದರು. ಪಾತ್ರೆ ಭಾರ, ಒಬ್ಬನಿಂದ ಆಗದು ಎಂದು ಮೆಕ್ಯಾನಿಕ್ ಇನ್ನಿಬ್ಬರನ್ನು ಕರೆತಂದ. ಮುಂದೆ ಇನ್ನೂ ಕೆಲವರು ಬಂದರು. ಆಫ್ರಿಕಾ ಖಂಡದಲ್ಲಿ ಅಷ್ಟು ತೋಫು ತಿಂದ ರಸ್ತೆ ಕಂಪನಿ ಇನ್ನೊಂದಿರಲಾರದು.

ಮೆಕ್ಯಾನಿಕ್ ಹಾಡುವಾಗ ತುಟಿ ಮಾತ್ರ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಅವನಿಗೆ ಗಂಟಲಿನ ಕಾಯಿಲೆ ಎಂದು ದಂತವೈದ್ಯರು ನಿರ್ಧರಿಸಿದ್ದರು. ಆಂಟಿ ವಿಚಾರಿಸಿ ತಿಳಿದುಕೊಂಡರು. ಅವನ ಅಮ್ಮ ಅವನಿಗೆ ಆ ಹಾಡುಗಳನ್ನು ಕಲಿಸಿದ್ದು ಪಕ್ಕದ ಮನೆಗೆ ಕೇಳಿಸದ ಹಾಗೆ, ಬರೀ ತುಟಿಯಲ್ಲಿ. ದನಿ ತೆಗೆದು ಹಾಡುವುದು ಹೇಗೆಂದು ಅವನಿಗೆ ಗೊತ್ತೇ ಇರಲಿಲ್ಲ. ‘ಎಂಥ ಅದೃಷ್ಟ ನೋಡು’ ಎಂದರು ಆಂಟಿ ನನಗೆ, ಪಾತ್ರೆ ಉಜ್ಜುತ್ತಾ. ‘ಬಾಯಿ ತೆರೆದು ಹಾಡಬಲ್ಲವರು ನಿಮ್ಮ ಅಧ್ಯಕ್ಷರ ಹಾಗೆ ಹಾಡುತ್ತಾರೆ. ಯಾರ ಹಾಡು ಕೇಳಬೇಕೋ ಅವನು ಹೀಗೆ ಹಾಡುತ್ತಾನೆ.’ ಆಮೇಲೆ ಆ ಪಾತ್ರೆಯನ್ನು ಬೇಕಾದ್ದಕ್ಕಿಂತ ಬಹಳ ಹೊತ್ತು ಉಜ್ಜಿದರು.

ಒಂದು ಭಾನುವಾರ ಕಂಪನಿಯ ಮ್ಯಾನೇಜರನೇ ಬಂದು ಬಾಗಿಲಲ್ಲಿ ನಿಂತ. ಸಣಕಲು ಮೈ, ಅಂಗಿಯ ಜೇಬಿನಲ್ಲಿ ಪೆನ್ನು, ಒಳ್ಳೆಯ ನಡತೆ. ಹಾಡು ನಡುವಿನಲ್ಲಿ ನಿಂತಿತು. ಆಂಟಿ ಅವನ ಕೈಗೂ ಒಂದು ತಟ್ಟೆ ಕೊಟ್ಟರು. ಅವನು ನಿಧಾನವಾಗಿ ಪೂರ್ತಿ ತಿಂದು, ಬಾಯಿ ಒರೆಸಿಕೊಂಡು, ‘ನಮ್ಮವರು ಇಲ್ಲಿ ಬರುವುದು ಊಟಕ್ಕೆ, ಅಲ್ಲವೆ?’ ಎಂದ.

‘ಊಟಕ್ಕೇ’ ಎಂದರು ಆಂಟಿ.

‘ಹಾಗಂತ ನಾನು ತಿಳಿದುಕೊಂಡಿದ್ದೇನೆ’ ಎಂದು ಹೇಳಿ ಹೊರಟುಹೋದ. ಇದನ್ನು ಆಂಟಿ ನನಗೆ ಬಿಡಿಸಿ ಹೇಳಿದಾಗ, ಒಳ್ಳೆಯ ಮನುಷ್ಯನ ಹಾಗೆ ಕಾಣುತ್ತಾನೆ ಎಂದೆ. ‘ಒಳ್ಳೆಯವನಲ್ಲ, ಹೆದರುವವನು’ ಎಂದರು. ‘ಆದರೆ ಹೆದರಿಕೆಯಲ್ಲೂ ಮರ್ಯಾದೆ ಉಳಿಸಿಕೊಂಡವನು. ಅಂಥವರು ಸಿಗುವುದು ಕಷ್ಟ.’

ಮರುವರ್ಷದ ಮಳೆ ಮುಗಿಯುವ ಹೊತ್ತಿಗೆ ಮೆಕ್ಯಾನಿಕ್ ಲೇಕ್ ವಿಕ್ಟೋರಿಯಾ ಕಡೆಯ ಸೈಟಿಗೆ ಹೋಗಿ ಮಲೇರಿಯಾ ಹತ್ತಿಸಿಕೊಂಡು ಬಂದ. ತಲೆಗೇರಿದ ಜ್ವರ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಸತ್ತ. ಆಂಟಿಗೆ ಸುದ್ದಿ ಹೇಳಲು ಮ್ಯಾನೇಜರನೇ ರೆಸ್ಟೋರೆಂಟಿಗೆ ಬಂದ. ದೇಹವನ್ನು ಸುಟ್ಟು ಬೂದಿಯನ್ನು ಊರಿಗೆ ಕಳಿಸಬೇಕು, ನೈರೋಬಿಯಲ್ಲಿ ಎಲ್ಲಿ ಸುಡುತ್ತಾರೆ ಎಂದು ಅವನಿಗೆ ಗೊತ್ತಿರಲಿಲ್ಲ. ಆಂಟಿ ನನಗೆ ಫೋನ್ ಮಾಡಿದರು. ನಮ್ಮ ಶಾಲೆಯ ಗುಜರಾತಿ ಸಹೋದ್ಯೋಗಿಯೊಬ್ಬರ ಮೂಲಕ ನಾನು ಹಿಂದೂ ಸ್ಮಶಾನದಲ್ಲಿ ಏರ್ಪಾಡು ಮಾಡಿದೆ. ಕಮ್ಯುನಿಸ್ಟ್ ಸರಕಾರದ ಕಂಪನಿಯ ಪ್ರೊಟೆಸ್ಟೆಂಟ್ ಚೀನೀಯನನ್ನು ಹಿಂದೂಗಳ ಸ್ಮಶಾನದಲ್ಲಿ ಸುಡಲು ಒಬ್ಬ ಕೊಂಕಣಿ ಕಥೋಲಿಕ ಓಡಾಡಿದ. ನೈರೋಬಿಯಲ್ಲಿ ಮಾತ್ರ ಇದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಪ್ರಾರ್ಥನೆ ಮಾಡಲು ಆಂಟಿ ಅನುಮತಿ ಕೇಳಿದರು. ಮ್ಯಾನೇಜರ ಬೇಡವೆಂದು ತಲೆಯಲ್ಲಾಡಿಸಿದ. ‘ಕಂಪನಿಯ ವಿದಾಯಭಾಷಣ ಇರುತ್ತದೆ. ಧಾರ್ಮಿಕ ವಿಧಿ ನಡೆಯಿತೆಂದು ಯಾರಾದರೂ ಊರಿಗೆ ಬರೆದರೆ ನನ್ನನ್ನು ವಾಪಸು ಕರೆಸುತ್ತಾರೆ. ನನ್ನ ಜಾಗಕ್ಕೆ ಬರುವವನಿಗೆ ತೋಫು ಇಷ್ಟವಿಲ್ಲದೆ ಇರಬಹುದು.’

‘ಸರಿ, ಯಾರೂ ಕೇಳದೆ ನಾನು ಬಾಯಿ ತೆರೆಯುವುದಿಲ್ಲ’ ಎಂದು ಆಂಟಿ ಮಾತು ಕೊಟ್ಟರಂತೆ. ಅದನ್ನು ನನಗೆ ಹೇಳಿದಾಗ ನಾನು ಲಿಲ್ಲಿಗೆ, ‘ಪಾಪ, ಆಂಟಿ ಸೋತರು’ ಎಂದೆ. ‘ನೀವು ಸುಮ್ನಿರಿ, ಅವ್ರು ಸೋಲುವ ಜನ ಅಲ್ಲ’ ಎಂದಳು ಲಿಲ್ಲಿ.

ಮರುದಿನ ಬೆಳಿಗ್ಗೆ ನಾನೇ ಆಂಟಿಯನ್ನು ಕಾರಿನಲ್ಲಿ ಕರೆದೊಯ್ದೆ. ಬೇಗ ಹೋಗೋಣ ಎಂದು ಅವಸರ ಮಾಡಿದರು. ಕಂಪನಿಯವರು ಇನ್ನೂ ಬಂದಿರಲಿಲ್ಲ. ಸ್ಮಶಾನವನ್ನು ನೋಡಿಕೊಳ್ಳುತ್ತಿದ್ದವರು ಬಿಳಿ ಟೋಪಿಯ ಒಬ್ಬ ಮುದಿ ಗುಜರಾತಿ. ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಆಂಟಿ ಅವರ ಜೊತೆ ಮರದ ಕೆಳಗೆ ನಿಂತು ಸ್ವಾಹಿಲಿಯಲ್ಲಿ ಏನೋ ಮಾತಾಡುತ್ತಿದ್ದರು. ನಾನು ಹತ್ತಿರ ಹೋದಾಗ ಇಬ್ಬರೂ ಹವೆಯ ವಿಷಯಕ್ಕೆ ಬಂದಿದ್ದರು.

ಕೆಲಸಗಾರರು ಒಗೆದ ನೀಲಿ ಅಂಗಿ ತೊಟ್ಟು ಬಂದು ಸಾಲಾಗಿ ನಿಂತರು. ಮ್ಯಾನೇಜರ ಭಾಷಣ ಓದಿದ. ಸತ್ತವನು ಎರಡು ದೇಶಗಳ ಸ್ನೇಹಕ್ಕಾಗಿ ದುಡಿದನೆಂದು ಅದರ ಸಾರಾಂಶ. ಲಾರಿಗಳ ಬಗ್ಗೆ ಇತ್ತು, ಮನುಷ್ಯನ ಬಗ್ಗೆ ಇರಲಿಲ್ಲ. ಎಲ್ಲರೂ ಸೊಂಟ ಬಗ್ಗಿಸಿ ನಮಿಸಿದರು. ಮುಗಿಯಿತು ಎಂಬಂತೆ ಮ್ಯಾನೇಜರ ಮುದುಕರ ಕಡೆ ನೋಡಿದ. ಮುದುಕರು ಕದಲಲಿಲ್ಲ.

‘ಪ್ರಾರ್ಥನೆ ಯಾರು ಹೇಳುತ್ತಾರೆ?’ ಎಂದು ಇಂಗ್ಲಿಷಿನಲ್ಲಿ ಕೇಳಿದರು.

‘ಪ್ರಾರ್ಥನೆ ಇಲ್ಲ.’

‘ಹಾಗಾದರೆ ಸುಡಲಿಕ್ಕಾಗದು. ಇಲ್ಲಿಯ ನಿಯಮ. ಯಾರಾದರೂ ದೇವರ ಹತ್ತಿರ ಒಂದು ಮಾತು ಹೇಳದೆ ಇಲ್ಲಿ ಬೆಂಕಿ ಕೊಡುವುದಿಲ್ಲ. ಯಾವ ದೇವರು ಅನ್ನುವುದು ನಿಮಗೆ ಬಿಟ್ಟದ್ದು.’

‘ಆ ನಿಯಮ ಎಲ್ಲಿ ಬರೆದಿದೆ?’

‘ಬರೆದಿಲ್ಲ’ ಎಂದರು ಮುದುಕರು. ‘ಅದಕ್ಕೇ ಯಾರಿಗೂ ತಿದ್ದಲು ಆಗುವುದಿಲ್ಲ.’

ಅಧಿಕಾರಿಗೆ ದೇವರು ಅರ್ಥವಾಗದಿದ್ದರೂ ನಿಯಮ ಅರ್ಥವಾಗುತ್ತದೆ. ಮ್ಯಾನೇಜರ ಗಡಿಯಾರ ನೋಡಿಕೊಂಡ. ತನ್ನ ಜನರನ್ನು ನೋಡಿದ. ಅವರೆಲ್ಲ ನೆಲ ನೋಡುತ್ತಿದ್ದರು. ಕೊನೆಗೆ ಆಂಟಿಯ ಕಡೆ ತಿರುಗಿದ. ಆಂಟಿ ತಮ್ಮ ಉಗುರುಗಳನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದರು. ಅವನು ಚೀನಿಯಲ್ಲಿ ಏನೋ ಹೇಳಿದ. ಅವರು ತಲೆಯೆತ್ತದೆ ಏನೋ ಉತ್ತರ ಕೊಟ್ಟರು. ಅವನು ಮತ್ತೊಮ್ಮೆ, ಈ ಸಲ ಇನ್ನೂ ತಗ್ಗಿದ ದನಿಯಲ್ಲಿ ಹೇಳಿದ. ‘ನಾನು ಮಾತು ಕೊಟ್ಟಿದ್ದೇನೆ ಎಂದೆ, ನಿಯಮಕ್ಕಾಗಿ ಸ್ವಲ್ಪ ದಯಮಾಡಿ ಎಂದ’ ಎಂದು ಆಂಟಿ ಆಮೇಲೆ ನನಗೆ ವಿವರಿಸಿದರು.

ಆಂಟಿ ಮುಂದೆ ಹೋಗಿ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಪ್ರಾರ್ಥಿಸಿದರು. ಆಸ್ಪತ್ರೆಯಲ್ಲಿ ಕೇಳಿದ ಆ ದನಿಯಲ್ಲ. ಅವರು ಸಭೆಯಲ್ಲಿ ಆಡುತ್ತಿದ್ದ ಭಾಷೆಗಳೂ ಅಲ್ಲ. ಕೆಲಸಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅವರಿಗೂ ತಿಳಿದಂತಿರಲಿಲ್ಲ. ನಡುವೆ ಒಂದು ಕಡೆ ದನಿ ನಿಂತಿತು, ಮತ್ತೆ ಮುಂದುವರಿಯಿತು. ‘ಆಮೆನ್’ ಎಂಬುದು ಮಾತ್ರ ಎಲ್ಲರಿಗೂ ಅರ್ಥವಾಯಿತು. ನೀಲಿ ಅಂಗಿಗಳ ಸಾಲಿನಿಂದ ಅದು ಗಟ್ಟಿಯಾಗಿಯೇ ತಿರುಗಿ ಬಂತು. ಆ ಕ್ಷಣದಲ್ಲಿ ಮ್ಯಾನೇಜರನ ಬೂಟಿನ ಲೇಸು ಬಿಚ್ಚಿಹೋಗಿತ್ತೆಂದು ಕಾಣುತ್ತದೆ. ಅವನು ಬಹಳ ಹೊತ್ತು ತಲೆ ತಗ್ಗಿಸಿ ಅದನ್ನು ಕಟ್ಟಿಕೊಳ್ಳುತ್ತಿದ್ದ.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ: ‘ಆ ನಿಯಮ ನಿಜವಾಗಿಯೂ ಇದೆಯಾ ಆಂಟಿ?’

‘ನನಗೇನು ಗೊತ್ತು? ನಾನು ಹಿಂದೂವಾ?’

‘ಯಾವ ಭಾಷೆಯಲ್ಲಿ ಹೇಳಿದಿರಿ? ಅವರ್ಯಾರಿಗೂ ತಿಳಿದ ಹಾಗೆ ಕಾಣಲಿಲ್ಲ.’

‘ನನ್ನ ಊರಿನದು. ಸಮುದ್ರದ ಬದಿಯ ಮಾತು. ಮ್ಯಾನೇಜರ ಉತ್ತರದವನು, ಅವನಿಗೆ ತಿಳಿಯದು.’

‘ಸತ್ತವನಿಗೂ ತಿಳಿಯಲಿಕ್ಕಿಲ್ಲವಲ್ಲ.’

‘ಅವನಿಗೆ ಹೇಳಲಿಲ್ಲವಲ್ಲ ನಾನು’ ಎಂದರು. ಸ್ವಲ್ಪ ದೂರ ಬಂದೆವು. ಮುಂದೆ ಒಂದು ಮಟಾಟು ವ್ಯಾನು ರಸ್ತೆಯ ನಡುವೆ ನಿಂತು ಜನರನ್ನು ತುಂಬಿಕೊಳ್ಳುತ್ತಿತ್ತು. ನಾನು ಹಾರ್ನ್ ಮಾಡಲಿಲ್ಲ. ಆಂಟಿ ಗಾಜಿನಾಚೆ ನೋಡುತ್ತಾ, ನನಗಲ್ಲವೆಂಬಂತೆ ಮಾತಾಡಿದರು. ಅಷ್ಟು ವರ್ಷಗಳಲ್ಲಿ ತಮ್ಮ ಮನೆಯ ವಿಷಯ ನನ್ನ ಹತ್ತಿರ ಎತ್ತಿದ್ದು ಅದೇ ಮೊದಲು.

‘ನನ್ನಪ್ಪ ಅಲ್ಲಿ ಚರ್ಚಿನ ಸಭಾಪಾಲಕರು. ಅವರನ್ನು ಹಿಡಿದುಕೊಂಡು ಹೋಗುವಾಗ ನಾನು ಮದುವೆಯಾಗಿ ಹಾಂಗ್‌ಕಾಂಗಿನಲ್ಲಿದ್ದೆ. ಕೈದಿಗಳ ಕ್ಯಾಂಪಿನಲ್ಲಿ ಸತ್ತರು ಅಂತ ಯಾರೋ ಬಂದವರು ಹೇಳಿದರು. ಯಾವ ದಿನ ಅಂತ ಗೊತ್ತಿಲ್ಲ. ಸುಟ್ಟರೋ ಹೂಳಿದರೋ ಅದೂ ಗೊತ್ತಿಲ್ಲ. ಅಲ್ಲಿ ಯಾರೂ ಬಾಯಿ ತೆರೆದಿರಲಿಕ್ಕಿಲ್ಲ. ತೆರೆಯುವ ಕಾಲವಾಗಿರಲಿಲ್ಲ ಅದು.’

ಮಟಾಟು ಹೊರಟಿತು. ನಾನೂ ಗೇರು ಹಾಕಿದೆ.

‘ಇವತ್ತು ನೋಡು, ಪೆಟ್ಟಿಗೆ ಇತ್ತು. ಬೆಂಕಿ ಇತ್ತು. ತಲೆ ತಗ್ಗಿಸಿ ನಿಂತ ಜನ ಇದ್ದರು. ಆ ಸರಕಾರದ ಮನುಷ್ಯನೇ ಪ್ರಾರ್ಥನೆ ಮಾಡು ಅಂತ ಕೇಳಿದ. ಇಷ್ಟೆಲ್ಲ ಒಟ್ಟಿಗೆ ನನಗೆ ಇನ್ನೊಂದು ಸಲ ಸಿಗುತ್ತದಾ? ಮೊದಲು ಅಪ್ಪನ ಹೆಸರು ಹೇಳಿದೆ. ಆಮೇಲೆ ಮೆಕ್ಯಾನಿಕ್‌ನದು.’

ಯಾರೋ ಆಕ್ಷೇಪ ತೆಗೆದರೆಂಬಂತೆ ಅವರು ಬಟ್ಟೆಯ ಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡು ಹೇಳಿದರು:

‘ಅವನು ವಯಸ್ಸಿನಲ್ಲಿ ಚಿಕ್ಕವನು, ಮ್ವಾಲಿಮು. ಅಪ್ಪನ ಹಿಂದೆ ನಿಂತುಕೊಳ್ಳಲಿ. ಬೇಜಾರು ಮಾಡಿಕೊಳ್ಳುವ ಜಾತಿಯವನಲ್ಲ ಅವನು.’